ಉಪ್ಪು ಹಚ್ಚದ ಪಾಲು

ಹಂದಿಯ ಪಕ್ಕೆಲುಬನ್ನು ಕೆಂಡದ ಮೇಲೆ ಹದವಾಗಿ ಸುಡಬಲ್ಲವರು ಇಡೀ ತಿರ್ಲಾಪುರದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಗೋವಾದ ಸಮುದ್ರದಂಡೆಯ ಹೋಟೆಲೊಂದರ ಹಿತ್ತಲಲ್ಲಿ ವರ್ಷಗಟ್ಟಲೆ ಹೊಗೆ ಕುಡಿದು ಕಲಿತ ವಿದ್ಯೆ ಇದು. ನಮ್ಮ ಓಣಿಯವರು ಹಂದಿ ತಿನ್ನುವುದರಲ್ಲಿ ಯಾರಿಗೂ ಕಡಿಮೆಯಲ್ಲ, ಆದರೆ ಅವರಿಗೆ ಗೊತ್ತಿರುವುದು ಕೊಚ್ಚುವುದು, ಖಾರ ಸುರಿಯುವುದು, ಕುದಿಸುವುದು. ಊರಿನ ಉಳಿದವರು ನಮ್ಮ ಓಣಿಯ ಮುಂದೆ ಹಾಯುವಾಗ ಮೂಗಿಗೆ ಟವೆಲ್ಲು ಹಿಡಿಯುತ್ತಾರೆ. ಹಾಗೆ ಹಿಡಿದವರಲ್ಲೇ ಕೆಲವರು ಸಂಜೆ ಹಿತ್ತಲ ಬಾಗಿಲಿಗೆ ಡಬ್ಬಿ ಕಳಿಸುತ್ತಾರೆ. ಅವರ ಹೆಸರು ಹೇಳಿದರೆ ನಾಳೆಯಿಂದ ನನಗೆ ಕೂಲಿ ಸಿಗಲಿಕ್ಕಿಲ್ಲ.

ಆ ಭಾನುವಾರ ನಾನು ಒಲೆ ಹೂಡಿದ್ದು ಯಾರ ಬಾಯಿಚಪಲಕ್ಕೂ ಅಲ್ಲ. ನನ್ನ ತಮ್ಮ ಯಲ್ಲೇಶನ ಜೀವ ಉಳಿಸಲಿಕ್ಕೆ.

ಹೋದ ವರ್ಷ ಹತ್ತಿ ಹೇರುವ ದಿನಗಳಲ್ಲಿ ಯಲ್ಲೇಶ ಟ್ರ್ಯಾಕ್ಟರು ಹಿಂದಕ್ಕೆ ತೆಗೆದ. ಟ್ರೇಲರಿನ ಹಿಂದೆ ಮಲಕಪ್ಪನ ಹಿರಿಯ ಮಗ ಮಾಳಿಂಗರಾಯ ನಿಂತಿದ್ದ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಹತ್ತಿಯ ರಾಶಿ ಅಡ್ಡ ಬಂದು ಕಾಣಲಿಲ್ಲ ಎಂದು ನನ್ನ ತಮ್ಮ ದೇವರಾಣೆ ಮಾಡಿ ಹೇಳಿದ. ಅವತ್ತು ಬೆಳಿಗ್ಗೆಯೇ ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿದ್ದರು, ಕಂಡೇ ಹಾಯಿಸಿದ ಎಂದು ಮಲಕಪ್ಪ ಹೇಳಿದ. ಕೇಸು ಇನ್ನೂ ನಡೆದಿದೆ. ಜಾಮೀನಿನ ಮೇಲೆ ಯಲ್ಲೇಶ ಮನೆಗೆ ಬಂದ ಮರುದಿನ ಮಲಕಪ್ಪನ ಎರಡನೆಯ ಮಗ ಗೂಳಪ್ಪ ಕೊಡಲಿ ಹಿಡಿದು ನಮ್ಮ ಬಾಗಿಲಿಗೆ ಬಂದ. ಓಣಿಯವರು ಹಿಡಿದು ಎಳೆದೊಯ್ದರು. ಅವತ್ತೇ ನಾನು ತಮ್ಮನನ್ನು ಗೋವಾಕ್ಕೆ ಕಳಿಸಿಬಿಟ್ಟೆ.

ಇಂಥ ಹಗೆಯನ್ನು ಮುಗಿಸಲಿಕ್ಕೆ ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ನೊಂದ ಮನೆಯ ಯಜಮಾನ ಎಲ್ಲರೆದುರು ಬಂದು ತಪ್ಪಿತಸ್ಥನ ಮನೆಯ ಉಪ್ಪು ತಿನ್ನಬೇಕು. ಯಜಮಾನ ತಿಂದರೆ ಇಡೀ ಮನೆ ತಿಂದಂತೆ. ಆಮೇಲೆ ಆ ಮನೆಯವರು ಈ ಮನೆಯವರ ಮೇಲೆ ಕೈ ಎತ್ತುವಂತಿಲ್ಲ. ಎತ್ತಿದರೆ ಓಣಿಯಲ್ಲಿ ಅವರಿಗೆ ಬೆಂಕಿ ಕೊಡುವವರಿಲ್ಲ, ಅವರ ಹೆಣಕ್ಕೆ ಹೆಗಲು ಕೊಡುವವರಿಲ್ಲ. ಉಪ್ಪು ಗಂಟಲಿಳಿಯುವ ತನಕ ತಪ್ಪಿತಸ್ಥ ಕಣ್ಣಿಗೆ ಬೀಳಬಾರದು. ಇಳಿದ ಮೇಲೆ ಅವನನ್ನು ಕರೆಸುತ್ತಾರೆ, ಅವನು ಬಂದು ಕಾಲು ಹಿಡಿಯುತ್ತಾನೆ.

ಇದನ್ನು ಕೂಡಿಸಿದವರು ಕುಬೇರಪ್ಪ ಸಾವುಕಾರರು. ಎರಡೂ ಮನೆಯವರು ದುಡಿಯುವುದು ಅವರ ಹೊಲದಲ್ಲೇ. ಉಳ್ಳಾಗಡ್ಡಿಯನ್ನೂ ಮುಟ್ಟದ ಮನುಷ್ಯ, ಹಣೆ ತುಂಬ ವಿಭೂತಿ. ಆದರೂ ಹಂದಿಯ ಊಟಕ್ಕೆ ಹಿರಿತನ ವಹಿಸಿಕೊಂಡರು, ಹೊಗೆ ತಮ್ಮ ಕಡೆ ಬರದ ಹಾಗೆ ಕುರ್ಚಿ ಹಾಕಬೇಕು ಎಂಬ ಒಂದೇ ಕರಾರಿನ ಮೇಲೆ. ಯಲ್ಲೇಶ ಶನಿವಾರ ಗೋವಾದಿಂದ ಬಂದು ಅವರ ಹೊಲದ ಮನೆಯಲ್ಲಿ ಕೂತ. ಕಾವಲಿಗೆ ಅವರದೇ ಒಬ್ಬ ಆಳು. ಅವನು ಅಲ್ಲಿರುವುದು ಎರಡೂ ಮನೆಯವರಿಗೆ ಗೊತ್ತಿತ್ತು. ಗೊತ್ತಿರಬೇಕು ಅನ್ನುವುದೂ ರೂಢಿಯೇ, ಮುಚ್ಚಿಟ್ಟರೆ ನಂಬಿಕೆ ಇಲ್ಲ ಅಂದಂತಾಗುತ್ತದೆ.

ಪಕ್ಕೆಲುಬೇ ಆಗಬೇಕು ಎಂದು ಕೇಳಿದವನು ಸ್ವತಃ ಮಲಕಪ್ಪ. ಅದಕ್ಕೆಂದೇ ವಾರದ ಹಿಂದೆ ನಮ್ಮ ಅಂಗಳಕ್ಕೆ ಬಂದಿದ್ದ. ಮಗ ಸತ್ತ ಮೇಲೆ ಅವನು ನಮ್ಮ ಹೊಸ್ತಿಲ ಕಡೆ ಮುಖ ಹಾಕಿದ್ದು ಅದೇ ಮೊದಲು.

"ಸಾರು ಬ್ಯಾಡ, ಸುಧಾರಾಣಿ," ಅಂದ. "ನೀ ಗೋವಾದಾಗ ಪಕ್ಕಿ ಎಲುವು ಸುಡತಿದ್ದೆಲ್ಲಾ, ಅದನ್ನ ಮಾಡು. ನಮ್ಮ ಮಾಳ್ಯಾ ಭಾಳ ಆಸೆ ಮಾಡತಿದ್ದ. ತಿನ್ನೂದು ಆಗಲೇ ಇಲ್ಲ."

"ಮಾಡ್ತೀನಿ ಕಾಕಾ," ಅಂದೆ. ಅವನು ಹೋದ ಮೇಲೆ ಒಳಗೆ ಹೋಗಿ ಅತ್ತೆ. ಸಂತೋಷಕ್ಕೇ ಅತ್ತೆ.

ನನ್ನ ಒಲೆಯೆಂದರೆ ಉದ್ದಕ್ಕೆ ಸೀಳಿದ ಎಣ್ಣೆಯ ಡ್ರಮ್ಮು. ವೆಲ್ಡಿಂಗ್ ಅಂಗಡಿಯಲ್ಲಿ ಕಾಲು ಹಚ್ಚಿಸಿದ್ದು. ಮೇಲೆ ಕಬ್ಬಿಣದ ಸರಳುಗಳ ಜಾಳಿಗೆ, ಅದರ ಮೇಲೆ ಮುಚ್ಚಲಿಕ್ಕೆ ಇನ್ನರ್ಧ ಡ್ರಮ್ಮು. ಶನಿವಾರ ಮಧ್ಯಾಹ್ನ ಮಾಂಸ ಬಂತು. ಪಕ್ಕೆಲುಬಿನ ಒಳಮೈಗೆ ಒಂದು ತೆಳು ಪೊರೆ ಅಂಟಿರುತ್ತದೆ. ಚಮಚದ ಹಿಡಿಕೆ ತೂರಿಸಿ ಅದನ್ನು ಎಬ್ಬಿಸಿ, ಅರಿವೆಯಲ್ಲಿ ಹಿಡಿದು ಒಂದೇ ಸಲಕ್ಕೆ ಎಳೆಯಬೇಕು. ಅದನ್ನು ಬಿಟ್ಟರೆ ಖಾರ ಒಳಗಿಳಿಯುವುದಿಲ್ಲ, ತಿನ್ನುವವನು ರಬ್ಬರು ಜಗಿದಂತೆ ಜಗಿಯಬೇಕಾಗುತ್ತದೆ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಪುಡಿ, ಜೀರಿಗೆ, ಅರಿಷಿಣ, ಜಜ್ಜಿದ ಬೆಳ್ಳುಳ್ಳಿ, ಉಪ್ಪು. ತಿಕ್ಕಿ ರಾತ್ರಿಯಿಡೀ ಇಟ್ಟರೆ ಉಪ್ಪು ಎಲುಬಿನ ತನಕ ಇಳಿಯುತ್ತದೆ.

ನಾನು ಉಪ್ಪಿನ ಬೋಗುಣಿಗೆ ಕೈ ಹಾಕಿದ್ದೆ. ಆಗ ಮಲಕಪ್ಪ ಮತ್ತೆ ಬಂದ. ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತ.

"ನನ್ನ ಪಾಲು ಬ್ಯಾರೆ ಇಡು, ತಂಗಿ. ಅದಕ್ಕ ಉಪ್ಪು ಹಚ್ಚಬ್ಯಾಡ. ಬಿ.ಪಿ. ಐತಿ ನನಗ. ಡಾಕ್ಟರು ಉಪ್ಪು ಮುಟ್ಟಬ್ಯಾಡ ಅಂದಾರ."

"ಆಗಲಿ ಕಾಕಾ," ಅಂದುಬಿಟ್ಟೆ. ಕೆಲಸದ ಗಡಿಬಿಡಿಯಲ್ಲಿ ತಲೆಗೆ ಹೋಗಲಿಲ್ಲ. ಒಂದು ಪಕ್ಕೆಯನ್ನು ಬೇರೆ ತಾಟಿಗೆ ಎತ್ತಿಟ್ಟು, ಉಪ್ಪು ಬಿಟ್ಟು ಉಳಿದದ್ದನ್ನೆಲ್ಲ ತಿಕ್ಕಿದೆ.

ನಮ್ಮವ್ವ ಮೈಲಾರವ್ವ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳ ಕೈ ನಿಂತಿತ್ತು.

"ಉಪ್ಪು ತಿನ್ನೂದಿಲ್ಲ ಅಂದ್ರ ಅಂವ ಬರೂದು ಯಾತಕ್ಕ?" ಅಂದಳು.

ಅದನ್ನು ಕೇಳಿ ಎದುರಿಗಿದ್ದ ಆ ತಾಟನ್ನೇ ನೋಡುತ್ತ ನಿಂತೆ. ಸಾರು ಬೇಡ ಅಂದದ್ದು ಯಾಕೆ ಎಂದು ಆಗ ತಿಳಿಯಿತು. ಸಾರಾದರೆ ಓಣಿಗೆಲ್ಲ ಒಂದೇ ಪಾತೇಲಿ, ಉಪ್ಪು ಎಲ್ಲರಿಗೂ ಒಂದೇ. ಅದರಲ್ಲಿ ಒಬ್ಬನ ಪಾಲನ್ನು ಸಪ್ಪಗೆ ತೆಗೆಯಲಿಕ್ಕೆ ಬರುವುದಿಲ್ಲ. ಸುಟ್ಟದ್ದಾದರೆ ಒಬ್ಬೊಬ್ಬರದು ಒಂದೊಂದು ತುಂಡು. ಎಲ್ಲರ ಕಣ್ಣೆದುರು ನಮ್ಮ ಅಂಗಳದಲ್ಲಿ ಕೂತು, ಬಾಯಿ ಒರೆಸಿಕೊಂಡು ಎದ್ದು ಹೋಗಬಹುದು. ನಾಳೆ ಏನಾದರೂ ಆದರೆ, ಅವರ ಉಪ್ಪನ್ನು ನಾನು ಮುಟ್ಟಿಲ್ಲ, ಬೇಕಾದರೆ ಸುಟ್ಟವಳನ್ನೇ ಕೇಳಿರಿ ಎಂದೂ ಹೇಳಬಹುದು. ಸಾಕ್ಷಿಗೆ ನನ್ನನ್ನೇ ಇಟ್ಟುಕೊಂಡಿದ್ದ, ಬಾಡ್ಯಾ.

ಬಿ.ಪಿ.ಯ ಮಾತು ಸುಳ್ಳು. ಎರಡು ದಿನದ ಹಿಂದೆ ಮೊರಬದ ಬಸ್ ಸ್ಟ್ಯಾಂಡಿನಲ್ಲಿ ಅವನು ಹುರಿದ ಮೆಣಸಿನಕಾಯಿಗೆ ಉಪ್ಪು ಒತ್ತಿಕೊಂಡು ಮಿರ್ಚಿ ಭಜಿಯ ಜೊತೆ ಕಡಿಯುತ್ತಿದ್ದುದನ್ನು ನಾನೇ ನೋಡಿದ್ದೆ.

ಸಾವುಕಾರರಿಗೆ ಫೋನು ಹಚ್ಚಿದೆ. ಎಲ್ಲ ಹೇಳಿದೆ. ಅವರು ನಕ್ಕರು.

"ಬಿ.ಪಿ. ನನಗೂ ಐತಿ, ಸುಧಾರಾಣಿ. ಹೆಂಗಸರು ಎಲ್ಲಾದಕ್ಕೂ ಒಂದು ಅರ್ಥ ಹಚ್ಚತೀರಿ."

"ಹಂಗಾರ ಯಲ್ಲೇಶನ್ನ ಇವತ್ತ ತಿರುಗಿ ಕಳಿಸಿಬಿಡ್ರಿ, ಸಾವುಕಾರ್ರ. ಊಟ ಬ್ಯಾಡ, ಏನೂ ಬ್ಯಾಡ."

"ಕರೆದು ಊಟ ನಿಲ್ಲಿಸಿದ್ರ ಅಂವಗ ಇನ್ನೊಂದು ನೆವ ಸಿಕ್ಕಂಗ ಆತು. ಆಮ್ಯಾಲ ನಿನ್ನ ತಮ್ಮ ಜಲ್ಮದಾಗ ಈ ಊರಿಗೆ ಕಾಲಿಡೂದಿಲ್ಲ. ನನ್ನ ಹೊಲದಾಗ ಬಂದು ಕೈ ಎತ್ತೂ ಗಂಡಸು ಯಾಂವದಾನ ಹೇಳು?"

ದೊಡ್ಡವರ ಧೈರ್ಯ ಯಾವಾಗಲೂ ಬೇರೆಯವರ ಜೀವದ ಮೇಲೆ. ಫೋನಿಟ್ಟ ಮೇಲೆ ಈ ಮಾತನ್ನು ಗೋಡೆಗೆ ಹೇಳಿದೆ.

ನನ್ನ ಕೈಯಲ್ಲಿ ಉಳಿದಿದ್ದು ಒಲೆಯೊಂದೇ. ಪಕ್ಕೆಲುಬು ಬೇಯುತ್ತ ಬಂದಾಗ ಅದಕ್ಕೆ ಹುಣಸೆಹಣ್ಣು, ಬೆಲ್ಲ, ಬೆಳ್ಳುಳ್ಳಿ ಕುದಿಸಿದ ರಸ ಬಳಿಯುತ್ತೇನೆ. ಹುಳಿ ಸಿಹಿಯೊಳಗೆ ಉಪ್ಪನ್ನು ಮುಚ್ಚಿಡಬಹುದು, ಗೋವಾದಲ್ಲಿ ಅದನ್ನೂ ಕಲಿತಿದ್ದೆ. ಆ ರಸಕ್ಕೆ ನಾನು ಎರಡು ಮುಷ್ಟಿ ಉಪ್ಪು ಸುರಿದೆ.

"ಕಳ್ಳತನಲೆ ಉಣಿಸಿದ ಉಪ್ಪು ಅಂವನ್ನ ಹಿಡಿತೈತೇನ?" ಎಂದು ಕೇಳಿದಳು ಅವ್ವ.

"ಹೊಟ್ಟ್ಯಾಗ ಹೋದ ಮ್ಯಾಲ ಹಿಡೀಲೇಬೇಕಲ್ಲ ಬೇ. ಅಂವ ಸುಳ್ಳು ಹೇಳಬಹುದು, ನಾ ಹೇಳಬಾರದೇನು?"

"ನನಗ ಅಂಜಿಕಿ ಬರತೈತಿ," ಅಂದಳು. ನನಗೂ ಬರುತ್ತಿತ್ತು. ಆದರೆ ಮಲಕಪ್ಪ ಮಾತಿಗೆ ಕಟ್ಟುಬಿದ್ದ ಮನುಷ್ಯ ಎಂಬುದು ಗೊತ್ತಿತ್ತು. ಉಪ್ಪಿನ ಋಣಕ್ಕೆ ಹೆದರದವನಾಗಿದ್ದರೆ ಇಷ್ಟು ಬೆರಕಿತನ ಮಾಡಿ ಉಪ್ಪು ತಪ್ಪಿಸಿಕೊಳ್ಳುತ್ತಿರಲಿಲ್ಲ. ಆ ಹೆದರಿಕೆಯ ಮೇಲೇ ನನ್ನ ತಮ್ಮನ ಜೀವ ಇಟ್ಟೆ.

ಭಾನುವಾರ ಬೆಳಕು ಹರಿಯುತ್ತಲೇ ಹತ್ತಿಕಟ್ಟಿಗೆಯಿಂದ ಬೆಂಕಿ ಎಬ್ಬಿಸಿ, ಮೇಲೆ ಜಾಲಿಯ ಕೊರಡು ಒಟ್ಟಿದೆ. ಹತ್ತಿಕಟ್ಟಿಗೆ ಬರೇ ಹೊತ್ತಿಸಲಿಕ್ಕೆ, ಅದರ ಹೊಗೆ ಕಹಿ. ಜಾಲಿ ಕೆಂಡವಾದ ಮೇಲೆ ಎಲ್ಲವನ್ನೂ ಡ್ರಮ್ಮಿನ ಒಂದು ಬದಿಗೆ ಎಳೆದು, ಇನ್ನೊಂದು ಬದಿಗೆ ಪಕ್ಕೆಗಳನ್ನು ಎಲುಬಿನ ಮೈ ಕೆಳಗೆ ಮಾಡಿ ಜೋಡಿಸಿದೆ. ಕೆಂಡದ ನೆತ್ತಿಯ ಮೇಲಿಟ್ಟರೆ ಕೊಬ್ಬು ತೊಟ್ಟಿಕ್ಕಿ ಉರಿ ಏಳುತ್ತದೆ, ಹೊರಗೆ ಕರಕಲು, ಒಳಗೆ ಹಸಿ. ಬಾಜೂ ಇಟ್ಟು ಮುಚ್ಚಿ ಕಾಯಬೇಕು. ಈ ಕಾಯುವುದು ನನಗೆ ಯಾವತ್ತೂ ಇಷ್ಟದ ಕೆಲಸ. ಅವತ್ತು ಮಾತ್ರ ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದೆ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಕರಿಮಣ್ಣಿನ ಎರಿಹೊಲದ ಕಡೆಯಿಂದ ಬೀಸಿ ಹೊಗೆಯನ್ನು ಅಂಗಳದ ತುಂಬ ನೆಲಕ್ಕೇ ಒತ್ತಿ ಹಿಡಿಯಿತು. ಓಣಿಯೆಲ್ಲ ಬಂದು ಕೂತಿತ್ತು. ಹೆಂಗಸರು ರೊಟ್ಟಿಯ ಬುಟ್ಟಿ ತಂದರು, ಗಂಡಸರು ಬೇವಿನ ನೆರಳು ಹಿಡಿದರು. ಸಾವುಕಾರರ ಕುರ್ಚಿಯನ್ನು ಎಲ್ಲಿ ಹಾಕಿದರೂ ಹೊಗೆ ಅಲ್ಲಿಗೇ ಹೋಗುತ್ತಿತ್ತು. ಅವರು ಮೂಗಿಗೆ ಧೋತರದ ಚುಂಗು ಹಿಡಿದು, ಈ ಊರಿನವರಿಗೆ ಬುದ್ಧಿ ಹೇಳುವುದು ಎಷ್ಟು ಕಷ್ಟ ಎಂದು ಭಾಷಣ ಮಾಡುತ್ತಿದ್ದರು.

ಮಲಕಪ್ಪ ಬಿಳಿ ಅಂಗಿ, ಹೊಸ ಟವೆಲ್ಲು ಹಾಕಿಕೊಂಡು ಬಂದ. ಜೊತೆಗೆ ಅವನ ಅಣ್ಣತಮ್ಮಂದಿರು. ನಾನು ಇಕ್ಕಳ ಹಿಡಿದೇ ಎಲ್ಲರ ಮುಖ ಹುಡುಕಿದೆ.

"ಗೂಳಪ್ಪ ಎಲ್ಲಿ, ಕಾಕಾ?"

"ಹತ್ತಿಗೆ ಎಣ್ಣಿ ಹೊಡಿಯಾಕ ಹೋಗ್ಯಾನ. ಹಿಂದಿಂದ ಬರ್ತಾನ. ಅಂವನ ಪಾಲು ತಗದಿಡು."

ಇಂಥ ಗಾಳಿಯಲ್ಲಿ ಯಾರೂ ಬೆಳೆಗೆ ಔಷಧ ಹೊಡೆಯುವುದಿಲ್ಲ. ಹೊಡೆದದ್ದು ಹೊಡೆಯುವವನ ಮುಖಕ್ಕೇ ಬರುತ್ತದೆ. ನಾನು ಮಲಕಪ್ಪನನ್ನು ನೋಡಿದೆ, ಅವನು ಒಲೆಯನ್ನು ನೋಡಿದ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದ. ಆಗುತ್ತ ಬಂತು ಅಂದೆ. ನನಗೆ ಈಗ ಒಂದೇ ಅವಸರ, ಆದಷ್ಟು ಬೇಗ ಉಪ್ಪು ಅವನ ಗಂಟಲಿಳಿಯಬೇಕು, ಅದನ್ನು ಅವನು ಎಲ್ಲರೆದುರು ಒಪ್ಪಬೇಕು.

ಆದರೆ ಪಕ್ಕೆಲುಬಿಗೆ ಅವಸರ ಗೊತ್ತಿಲ್ಲ. ಇಕ್ಕಳದಲ್ಲಿ ಒಂದು ತುದಿ ಹಿಡಿದು ಎತ್ತಿದರೆ ಇನ್ನೊಂದು ತುದಿ ತಾನೇ ಬಾಗಬೇಕು, ಮಾಂಸ ಎಲುಬಿನ ತುದಿಯಿಂದ ಹಿಂದೆ ಸರಿದಿರಬೇಕು. ಅಲ್ಲಿಯ ತನಕ ಅದು ಹಲ್ಲಿಗೆ ಬಗ್ಗುವುದಿಲ್ಲ. ಎತ್ತಿ ನೋಡಿದೆ, ಬಾಗಲಿಲ್ಲ. ಮತ್ತೆ ಮುಚ್ಚಿದೆ. ಜನ ನಗುತ್ತ ಮಾತಾಡುತ್ತಿದ್ದರು. ಮಲಕಪ್ಪ ನಗಲಿಲ್ಲ, ಬೈಯಲಿಲ್ಲ, ಊರಿನ ಸುದ್ದಿ ಕೇಳುತ್ತ ಸಮಾಧಾನದಿಂದ ಕೂತಿದ್ದ. ಮಗನನ್ನು ಕಳಕೊಂಡವನ ಮುಖದಲ್ಲಿ ಅಷ್ಟು ಸಮಾಧಾನ ಇರಬಾರದಿತ್ತು. ಅದನ್ನು ನೋಡಿಯೇ ನನಗೆ ಜಾಸ್ತಿ ಹೆದರಿಕೆಯಾಯಿತು.

ಕೊನೆಗೆ ಬಾಗಿತು. ಹಸಿ ಉಳ್ಳಾಗಡ್ಡಿ ತಪ್ಪಲದ ಕಟ್ಟನ್ನು ರಸದಲ್ಲಿ ಅದ್ದಿ ಎಲ್ಲ ಪಕ್ಕೆಗಳಿಗೂ ಬಳಿದೆ, ಅವನದಕ್ಕೆ ಎರಡು ಸಲ. ಬೆಲ್ಲ ಗುಳ್ಳೆ ಎದ್ದು ಅಂಟಾಗುತ್ತಲೇ ಇಳಿಸಿ, ಎಲುಬು ಎಲುಬಿನ ನಡುವೆ ಕತ್ತರಿಸಿದೆ. ಅವನ ಪಾಲನ್ನು ಬೇರೆ ತಾಟಿನಲ್ಲೇ ಒಯ್ದೆ. ರೂಢಿಯಂತೆ ಮೊದಲ ತುತ್ತು ಅವನದು.

"ನಾ ಹೇಳಿದ್ದು ನೆನಪೈತಿಲ್ಲ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಐತಿ ಕಾಕಾ," ಅಂದೆ.

ಅವನು ಒಂದು ಎಲುಬು ಎತ್ತಿಕೊಂಡ. ಮಾಂಸ ಸಲೀಸಾಗಿ ಬಿಟ್ಟು ಬಂತು. ಜಗಿದ, ನುಂಗಿದ. ಚಲೋ ಆಗೇದ ಅಂದ. ಜನ ಹೋ ಎಂದು ತಮ್ಮ ತಮ್ಮ ತಾಟಿಗೆ ಕೈ ಹಾಕಿದರು. ಎರಡನೆಯ ತುತ್ತನ್ನೂ ನುಂಗಿದ. ಮೂರನೆಯದಕ್ಕೆ ಅವನ ದವಡೆ ನಿಂತಿತು. ನಾಲಿಗೆಯಿಂದ ತುಟಿ ಸವರಿಕೊಂಡ, ಇನ್ನೊಮ್ಮೆ ಸವರಿಕೊಂಡ.

"ಸುಧಾರಾಣಿ, ಇದು ನನ್ನ ಪಾಲೇನ?"

"ನಿನ್ನದ ಪಾಲು, ಕಾಕಾ."

"ಉಪ್ಪು ಐತಿ."

"ಐತಿ," ಅಂದೆ. ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಅಂದೆ. "ನಾನ ಹಾಕೀನಿ. ನಮ್ಮ ಮನಿ ಉಪ್ಪು. ನೀ ನುಂಗಿದ್ದನ್ನ ಓಣ್ಯಾಗಿನ ಮಂದೆಲ್ಲಾ ನೋಡೇತಿ."

ಅವನು ನನ್ನ ಕಪಾಳಕ್ಕೆ ಬಾರಿಸುತ್ತಾನೆ ಎಂದುಕೊಂಡಿದ್ದೆ. ತಾಟು ಎಸೆಯುತ್ತಾನೆ, ಬಾಯಲ್ಲಿದ್ದುದನ್ನು ಉಗುಳುತ್ತಾನೆ ಎಂದುಕೊಂಡಿದ್ದೆ. ಅದಕ್ಕೆಲ್ಲ ನಾನು ತಯಾರಾಗಿದ್ದೆ. ಅವನು ಅದೇನೂ ಮಾಡಲಿಲ್ಲ. ಅವನ ಮುಖದ ರಕ್ತ ಇಳಿಯಿತು. ಸಿಟ್ಟಲ್ಲ, ಅದು ಹೆದರಿಕೆ. ಎದ್ದು ನಿಂತು, ಜಿಡ್ಡುಗೈಯಲ್ಲೇ ಅಂಗಿಯ ಕಿಸೆಯಿಂದ ಫೋನು ತೆಗೆದು ಒತ್ತಿದ.

ಅವನದೇ ಇನ್ನೊಂದು ಕಿಸೆಯಲ್ಲಿ ಫೋನು ರಿಂಗಾಗತೊಡಗಿತು.

ಅವನು ಅದನ್ನೂ ಹೊರಗೆ ತೆಗೆದ. ಗೂಳಪ್ಪನ ಫೋನು. ಎರಡೂ ಕೈಯಲ್ಲಿ ಎರಡು ಫೋನು ಹಿಡಿದು ಅವುಗಳನ್ನೇ ನೋಡಿದ.

"ಮುಂಜಾನೆ ನಾನ ಇಸ್ಕೊಂಡಿದ್ನಲ್ಲಾ," ಅಂದ. "ಪೊಲೀಸರು ಫೋನ್ ಎಲ್ಲಿತ್ತಂತ ನೋಡತಾರ, ಇಲ್ಲೇ ಊಟಕ್ಕ ಇರಲಿ ಅಂತ."

ಯಾರೋ ಹೆಂಗಸು ಅಯ್ಯೋ ಅಂದಳು. ಸಾವುಕಾರರು ಕುರ್ಚಿ ಬಿಟ್ಟು ಎದ್ದು, "ಅಲ್ಲಿ ನಮ್ಮ ಆಳು ಅದಾನಲ್ಲ, ಆಳು ಅದಾನ," ಅಂದರು. ಅವರ ಆಳು ನನ್ನ ಅಂಗಳದಲ್ಲೇ, ನೀರಿನ ಟಾಕಿಯ ಮಗ್ಗುಲಲ್ಲಿ, ಎಲುಬು ಕೈಯಲ್ಲಿ ಹಿಡಿದು ಬಾಯಿ ತೆರೆದು ಕೂತಿದ್ದ. ಊಟ ಸುರುವಾಗುತ್ತದೆ ಎಂದು ಕಾವಲು ಬಿಟ್ಟು ಬಂದಿದ್ದ. ಅಷ್ಟರೊಳಗೆ ನಾಲ್ಕೈದು ಹುಡುಗರು ಬೈಕು ಹತ್ತಿ ಹೊಲದ ಕಡೆ ಹೊರಟಿದ್ದರು.

ನಾನು ಯಲ್ಲೇಶನಿಗೆ ಫೋನು ಮಾಡಿದೆ. ಎತ್ತಿದ. ಅವನ ದನಿ ಕೇಳಿ ಜೀವ ಬಂದಂತಾಯಿತು.

"ಅಕ್ಕಾ! ಮಲಕಪ್ಪ ಕಾಕಾ ಉಪ್ಪು ಉಂಡನಂತ? ಗೂಳಪ್ಪ ಬಂದು ಹೇಳಿದ. ನನ್ನ ಕರಕೊಂಡು ಬರಾಕಂತ ಅಂವನ ಬಂದಾನ ನೋಡು, ಅಕ್ಕಾ." ಅಳುತ್ತಿದ್ದ ಅವನು, ಸಂತೋಷಕ್ಕೆ. "ಅಂವನ ಗಾಡಿ ಮ್ಯಾಲ ಹೊಂಟೀವಿ. ಕಾಲುವಿ ದಾರೀಲೆ ಬರ್ತೀವಿ, ಲಗೂ ಆಗತೈತಿ ಅಂದ."

ಕಾಲುವೆಯ ದಾರಿ ಸುತ್ತಿನ ದಾರಿ. ಆ ದಾರಿಯಲ್ಲಿ ಮನೆಯಿಲ್ಲ, ಮನುಷ್ಯರಿಲ್ಲ, ಬೈಕಿನ ಹುಡುಗರು ಹೋದದ್ದೂ ಆ ದಾರಿಯಲ್ಲಲ್ಲ.

"ಇಳೀ ಯಲ್ಲೇಶ! ಗಾಡಿ ಇಳೀ! ಜಿಗಿ!" ಎಂದು ಚೀರಿದೆ.

"ಗಾಳಿ ಭಾಳ ಐತಿ, ಕೇಳವಲ್ದು. ಬಂದ ಮ್ಯಾಲ ಮಾತಾಡೂಣು," ಅಂದ. ಫೋನನ್ನು ಕಿಸೆಗೆ ಹಾಕಿಕೊಂಡ ಸದ್ದಾಯಿತು. ಬಂದ್ ಮಾಡಲಿಲ್ಲ. ನಾನು ಸ್ಪೀಕರ್ ಹಚ್ಚಿದೆ. ಗಾಡಿಯ ಸದ್ದು, ಅವನ ಅಂಗಿಯ ಪಟಪಟ ಕೇಳುತ್ತಲೇ ಇತ್ತು.

ಮಲಕಪ್ಪ ನನ್ನ ಕೈಯಿಂದ ಫೋನು ಕಸಿದುಕೊಂಡ.

"ಗೂಳ್ಯಾ! ನಾ ನಿಮ್ಮಪ್ಪ ಅದೀನಿ. ಉಪ್ಪು ತಿಂದೀನಲೇ. ತಿಂದೀನಿ ನಾ, ಖರೇ ತಿಂದೀನಿ. ಬ್ಯಾಡ. ತಿರುಗಿ ಬಾ."

ಆ ಕಡೆ ಫೋನು ಕಿಸೆಯೊಳಗೆ, ಸುತ್ತ ಗಾಳಿ, ಇಂಜಿನ್ನು. ಅವನು ದನಿ ಎತ್ತಿ ಮತ್ತೆ ಅದನ್ನೇ ಅಂದ. ಓಣಿಯ ಜನ ಸುತ್ತ ನೆರೆದು, ಕೈಯ ಜಿಡ್ಡನ್ನೂ ತೊಳೆಯದೆ, ಆ ಫೋನಿಗೇ ಕಿವಿಗೊಟ್ಟರು. ನಮ್ಮವ್ವ ಅವನ ಕಾಲ ಬುಡದಲ್ಲಿ ನೆಲಕ್ಕೆ ಕುಸಿದಿದ್ದಳು. ಉಪ್ಪು ಅವನನ್ನು ಹಿಡಿದಿತ್ತು, ನಾನು ಅಂದುಕೊಂಡ ಹಾಗೆಯೇ ಹಿಡಿದಿತ್ತು. ಮಗನನ್ನು ಕಳಕೊಂಡ ಆ ಮನುಷ್ಯ ಈಗ ನನ್ನ ತಮ್ಮನ ಜೀವಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದ.

"ಉಪ್ಪು ತಿಂದೀನಲೇ ಗೂಳ್ಯಾ, ಉಪ್ಪು ತಿಂದೀನಿ," ಎನ್ನುತ್ತಲೇ ಇದ್ದ.

ಗಾಡಿಯ ಸದ್ದು ನಿಂತಿತು. ಇಬ್ಬರೂ ಇಳಿದ ಸಪ್ಪಳವಾಯಿತು. ಯಲ್ಲೇಶ ನಗುತ್ತ, "ಇಲ್ಯಾಕ ನಿಂದ್ರಿಸಿದಿ, ಅಣ್ಣಾ?" ಎಂದು ಕೇಳಿದ್ದು ನಮ್ಮೆಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.